ಆಮೇಲಿನ ಹಾಲು

ಆಕೆಯ ಎಡಕಿವಿಯ ಹಾಲೆ ಹರಿದು ಎರಡಾಗಿತ್ತು. ಹಣ್ಣು ಕೊಯ್ಯುವಾಗ ಕಾಫಿ ಗಿಡದ ರೆಂಬೆಗೆ ಓಲೆ ಸಿಕ್ಕಿಕೊಂಡು ಹರಿದದ್ದು. ಆಮೇಲೆ ಒಂದೇ ಕಿವಿಗೆ ಓಲೆ. "ಇನ್ನೊಂದು ಎಲ್ಲಿ ಅಕ್ಕ?" ಅಂದರೆ, "ಗಿಡ ಹಾಕ್ಕೊಂಡಿದೆ, ಹೋಗಿ ನೋಡು" ಅನ್ನುವಳು.

ಮಾದಾಪುರದ ಹತ್ತಿರ ಒಂದು ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಆಕೆಯ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಕೊಡಗು ಆಗ ಬೇರೆ ರಾಜ್ಯ, ಮೈಸೂರಿಗೆ ಸೇರಿರಲಿಲ್ಲ. ನಾವು ಹಾಸನದ ಕಡೆಯವರು, ನಮ್ಮ ಯಜಮಾನರು ಎಸ್ಟೇಟಿನ ಎತ್ತಿನಗಾಡಿ ಹೊಡೆಯುತ್ತಿದ್ದರು. ಆಕೆ ಮಂಗಳೂರು ಕಡೆಯ ಕಿರಿಸ್ತಾನರವಳು. ಕೊಂಕಣಿಯಲ್ಲಿ ಬೈದು ಕನ್ನಡದಲ್ಲಿ ನಗುವಳು. ಭಾನುವಾರ ಇಗರ್ಜಿಗೆ ನಡೆದು ಹೋಗಿ, ಬಂದವಳೇ ಸೌದೆ ಒಡೆಯುವಳು.

ನನ್ನ ಮೊದಲನೇ ಮಗನಿಗೆ ಎರಡು ತಿಂಗಳು ಆಗಿದ್ದಾಗ ನನಗೆ ವಿಷಮಶೀತ ಜ್ವರ ಬಂತು. ಎದೆಹಾಲು ಬತ್ತಿತು. ಹಸುವಿನ ಹಾಲು ಕೂಸಿಗೆ ಒಗ್ಗಲಿಲ್ಲ, ಕುಡಿದದ್ದೆಲ್ಲ ಭೇದಿ. ನಾಲ್ಕನೇ ದಿನ ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಆಗ ಆಕೆ ತನ್ನ ಐದು ತಿಂಗಳ ಮಗನನ್ನು ಸೊಂಟದಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಕೂಸನ್ನ ಕೊಡಿ ಅಜ್ಜಿ. ನನಗೆ ಹಾಲಿದೆ."

ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತರು. "ನಮ್ಮ ಜಾತಿ ಏನಾಗ್ಬೇಕು?"

"ಜಾತಿ ಎಲ್ಲೂ ಹೋಗಲ್ಲ, ಆಮೇಲೆ ನೋಡ್ಕೊಳ್ಳಿ. ಮೊದಲು ಕೂಸು ಇರ್ಲಿ."

ಅತ್ತೆ ಕೊಟ್ಟರು. ಒಳಗೆ ಮಾತ್ರ ಬಿಡಲಿಲ್ಲ, ಜಗಲಿಯಲ್ಲೇ ಕೂರಿಸಿದರು. ಕುಡಿಸಿ ಕೊಟ್ಟ ಮೇಲೆ ಕೂಸಿನ ತಲೆಗೆ ಅರಿಸಿನದ ನೀರು ಚಿಮುಕಿಸಿದರು. ಆಕೆ ನೋಡಿದಳು. "ನೀರು ಸ್ವಲ್ಪ ಬೆಚ್ಚಗೆ ಮಾಡಿ ಅಜ್ಜಿ, ಶೀತ ಆದೀತು" ಅಂದಳು. ಅಷ್ಟೇ.

ಕೊಯ್ಲಿನ ನಡುವೆ ತೋಟದಿಂದ ಓಡಿ ಬರುವಳು. ಕೂಲಿ ಲೆಕ್ಕ ಬರೆಯುವ ರೈಟರ್ ಬೈದರೆ ಬೈಸಿಕೊಳ್ಳುವಳು. ನಾನು ಚಾಪೆಯ ಮೇಲೆ ಮಲಗಿಯೇ ಬಾಗಿಲಿಂದ ನೋಡುತ್ತಿದ್ದೆ. ಪ್ರತಿ ಸಲ ಮೊದಲು ತನ್ನ ಮಗನಿಗೆ ಕೊಡುವಳು. ಸ್ವಲ್ಪ ಹೊತ್ತಿಗೆ ಅವನನ್ನು ಎಳೆದು ಬಿಡಿಸಿ, ಅವನು ಕಿರುಚುತ್ತಿದ್ದರೂ, ನನ್ನ ಮಗನನ್ನು ಅದೇ ಎದೆಗೆ ಎತ್ತಿಕೊಳ್ಳುವಳು.

"ನೋಡು, ಅವಳ ಮಗ ಕುಡಿದು ಬಿಟ್ಟಿದ್ದು ನಮ್ಮ ಕೂಸಿಗೆ" ಅಂದರು ಅತ್ತೆ. ಒಂದು ದಿನ ಮುಖಕ್ಕೇ ಕೇಳಿಬಿಟ್ಟೆ:

"ನಿನ್ನ ಮಗನ ಎಂಜಲೇ ಆಗ್ಬೇಕಾ ನನ್ನ ಕೂಸಿಗೆ?"

ಆಕೆ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. "ನಾಳೆಯಿಂದ ಇವನಿಗೇ ಮೊದಲು ಕೊಡ್ಲಾ? ಹೊಟ್ಟೆ ತುಂಬ್ತದೆ ತಂಗಿ. ಮೈ ತುಂಬಲ್ಲ."

ನನಗೆ ಅರ್ಥವಾಗಲಿಲ್ಲ. ನನಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಸೂಲಗಿತ್ತಿಗೆ ದೂರು ಹೇಳಿದೆ. ಅವಳು ಕೈ ನಿಲ್ಲಿಸಿದಳು.

"ಥೂ ನಿನ್ನ! ಮೊದಲು ಬರೋ ಹಾಲು ತೆಳ್ಳಗೆ ಕಣೇ. ಗಟ್ಟಿ ಹಾಲು ಆಮೇಲೆ ಬರೋದು. ಅವಳ ಮಗನ ತೊಡೆ ನೋಡಿದ್ಯಾ?"

ಸಂಜೆ ನೋಡಿದೆ. ಮಡಿಕೆ ಮಡಿಕೆಯಾಗಿದ್ದ ತೊಡೆಯ ಚರ್ಮ ಸಡಿಲವಾಗಿತ್ತು. ನನ್ನ ಮಗನ ಕೆನ್ನೆ ತುಂಬುತ್ತಿತ್ತು.

ಅತ್ತೆ ಅವತ್ತಿನಿಂದ ಅರಿಸಿನದ ನೀರು ಚಿಮುಕಿಸುವುದನ್ನು ಬಿಟ್ಟರು. ಆದರೂ ಒಳಗೆ ಕರೆಯಲಿಲ್ಲ. ಇದ್ದದ್ದನ್ನು ಹೇಳಬೇಕು.

ಯಾಕೆ ಮಾಡಿದಳು ಅಂತ ನನಗೆ ತಲೆಗೇ ಹತ್ತಲಿಲ್ಲ. ಕೊನೆಗೆ ನಮ್ಮನ್ನು ಇಗರ್ಜಿಗೆ ಕರೆಯುತ್ತಾಳೆ ಅಂತ ಕಾದೆ. ಕರೆಯಲೇ ಇಲ್ಲ. ನಾನೇ ಕೇಳಿದೆ: "ನಿಮ್ಮ ದೇವರು ಹೀಗೆ ಮಾಡು ಅಂತ ಹೇಳಿದ್ನಾ? ನಿನಗೇನು ಲಾಭ?"

"ಲಾಭ ನೋಡೋಳಾಗಿದ್ರೆ ರೈಟರ್ ಕೆಲಸಕ್ಕೆ ಹೋಗ್ತಿದ್ದೆ" ಅಂತ ನಕ್ಕಳು. ಆಮೇಲೆ ಮೆಲ್ಲಗೆ ಅಂದಳು: "ನಮ್ಮ ಸ್ವಾಮಿ ಪ್ರಾಣವನ್ನೇ ಕೊಟ್ಟ. ನಾನು ಕೊಟ್ಟಿದ್ದು ಹಾಲು. ನಾಳೆ ಮತ್ತೆ ಬರ್ತದೆ."

ಮುಂದೆ ನನ್ನ ಮಗಳು ಹುಟ್ಟಿದಾಗ, ಲೈನಿನ ಮಲಯಾಳಿ ಹೆಂಗಸೊಬ್ಬಳಿಗೆ ಹಾಲಿರಲಿಲ್ಲ. ಅವಳ ಕೂಸಿಗೂ ನಾನೇ ಕುಡಿಸಿದೆ. ಆದರೆ ಗಟ್ಟಿ ಹಾಲು ಮಾತ್ರ ದಿನಾ ನನ್ನ ಮಗಳಿಗೇ ಹೋಯಿತು. ತಪ್ಪು ಅನ್ನಲಾರೆ, ಎಲ್ಲರೂ ಹಾಗೇ ಮಾಡುವುದು. ಆಕೆ ಮಾಡಿದ್ದು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ಅವತ್ತು.

ಅಷ್ಟರಲ್ಲಿ ಆಕೆಯ ಗಂಡ ಬೇರೆ ಎಸ್ಟೇಟಿಗೆ ಸೇರಿ ಅವರು ಹೊರಟುಹೋಗಿದ್ದರು. ಎಷ್ಟೋ ವರ್ಷದ ಮೇಲೆ ಶನಿವಾರಸಂತೆಯಲ್ಲಿ ಒಣಮೆಣಸಿನಕಾಯಿ ಆರಿಸುತ್ತಿದ್ದಾಗ ಕುಳ್ಳಗಿನ ಗಂಡಸೊಬ್ಬ "ಚಿಕ್ಕಮ್ಮ, ಗುರುತು ಸಿಕ್ಕಿತಾ?" ಅಂದ. ಆಕೆಯ ಮಗ; ಸಂತೆಗೆ ಬಂದಿದ್ದ ನಮ್ಮ ಹಳೇ ಲೈನಿನವರೊಬ್ಬರು ನನ್ನನ್ನು ತೋರಿಸಿದ್ದರಂತೆ. ತಾಯಿ ತೀರಿಕೊಂಡು ಮೂರು ತಿಂಗಳಾಯಿತು ಅಂದ.

ಋಣ ಆಕೆಯದು ಅಂತಲೇ ಅಲ್ಲಿಯವರೆಗೆ ತಿಳಿದಿದ್ದೆ. ಕೊಟ್ಟವಳು ಆಕೆ ಸರಿ, ಹಸಿದವನು ಇವನಲ್ಲವಾ? ಅಲ್ಲೇ ನಿಂತು ಎಲ್ಲಾ ಹೇಳಿದೆ, ಎಂಜಲು ಅಂದದ್ದನ್ನೂ ಬಿಡಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ತಾಯಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ನೆಲಕ್ಕೆ ಬಿದ್ದಿದ್ದ ಎರಡು ಮೆಣಸಿನಕಾಯಿ ಹೆಕ್ಕಿ ರಾಶಿಗೆ ಹಾಕಿದ. ಆಮೇಲೆ, "ನಿಮ್ಮ ಮಗ ಎಷ್ಟು ಎತ್ತರ ಇದ್ದಾನೆ ಚಿಕ್ಕಮ್ಮ?" ಅಂದ.

"ಬಾಗಿಲಿಗೆ ತಲೆ ತಾಗುತ್ತೆ."

"ಸರಿ ಬಿಡಿ" ಅಂತ ನಕ್ಕು, ನನ್ನ ಕೈಯಿಂದ ಚೀಲ ತೆಗೆದುಕೊಂಡು ಬಸ್ಸಿನವರೆಗೂ ಹೊತ್ತು ತಂದ.