ಮಂಗಳವಾರ ಟೇಬಲ್ ಖಾಲಿ ಇರಲಿಲ್ಲ

ಕೊಪ್ಪದ ನಮ್ಮ ಸಣ್ಣ ಆಸ್ಪತ್ರೆಯ ಮಹಡಿಯಲ್ಲಿ ಆ ಭಾನುವಾರ ಐದು ಜನ ಕೂತಿದ್ದೆವು. ಆಸ್ಪತ್ರೆ ನಡೆಸುವ ಸರ್ಜನ್ ನಮ್ಮ ಡಾಕ್ಟರಮ್ಮ, ಶೃಂಗೇರಿಯಲ್ಲೊಬ್ಬರು ನರಸಿಂಹರಾಜಪುರದಲ್ಲೊಬ್ಬರು ಸ್ವಂತ ಆಸ್ಪತ್ರೆ ಇಟ್ಟುಕೊಂಡ ಡಾಕ್ಟರುಗಳು, ಮೂರೂ ಕಡೆ ಅರಿವಳಿಕೆ ಕೊಡುವ ಡಾಕ್ಟರು, ಮತ್ತೆ ಆಫೀಸು ನೋಡಿಕೊಳ್ಳುವ ನಾನು. ತಟ್ಟೆಯ ಬಾಳೆಕಾಯಿ ಚಿಪ್ಸಿಗೆ ಯಾರೂ ಕೈ ಹಾಕಿರಲಿಲ್ಲ.

ಅರಿವಳಿಕೆ ಡಾಕ್ಟರು ಶಿವಮೊಗ್ಗಕ್ಕೆ ಹೊರಟು ನಿಂತಿದ್ದರು. ಅವರು ಹೋದರೆ ನಮ್ಮ ಮೂರೂ ಆಸ್ಪತ್ರೆಗಳಲ್ಲಿ ಆಪರೇಷನ್ ನಿಂತಂತೆಯೇ.

"ಒಂದು ಆಪರೇಷನ್ನಿಗೆ ಇಷ್ಟು ಅಂತ ಕೊಡ್ತೀರಿ, ಸರಿ. ಆದರೆ ಮೂರೂ ಜನ ಬುಧವಾರವೇ ಕರೀತೀರಿ! ಒಬ್ಬರಲ್ಲಿಗೆ ಬಂದರೆ ಇಬ್ಬರಿಗೆ ಸಿಟ್ಟು. ಉಳಿದ ದಿನ ನಾನು ನೊಣ ಹೊಡೀಬೇಕು," ಅಂದರು.

ಬುಧವಾರವೇ ಯಾಕೆ ಅಂತ ನಮಗೆಲ್ಲ ಗೊತ್ತಿತ್ತು. ನಮ್ಮ ಕಡೆ ಮಂಗಳವಾರ ಮೈಗೆ ಕತ್ತರಿ ತಾಗಿಸಿಕೊಳ್ಳುವವರಿಲ್ಲ, ಶುಕ್ರವಾರ ಮನೆ ಬಿಟ್ಟು ಹೊರಡುವವರಿಲ್ಲ, ಶನಿವಾರದ ಮಾತೇ ಬೇಡ. ಸೋಮವಾರ ಹೊರರೋಗಿಗಳ ಜಾತ್ರೆ; ಉಳಿದದ್ದರಲ್ಲಿ ಎಲ್ಲರಿಗೂ ಬುಧವಾರವೇ ಇಷ್ಟ.

ಡಾಕ್ಟರಮ್ಮ ಅಂದರು: "ಮೂವರೂ ಸೇರಿ ತಿಂಗಳ ಸಂಬಳ ಕೊಡೋಣ. ಆಪರೇಷನ್ ಇರಲಿ, ಬಿಡಲಿ. ಒಬ್ಬೊಬ್ಬರಿಗೆ ಒಂದೊಂದು ದಿನ. ತುರ್ತಾದರೆ ಯಾರು ಕರೆದರೂ ಹೋಗಲಿ. ಬುಧವಾರ, ಗುರುವಾರ ನೀವಿಬ್ಬರು ತಗೊಳ್ಳಿ. ಮಂಗಳವಾರ ನನಗೆ."

"ಮಂಗಳವಾರ ನಿಮ್ಮಲ್ಲಿಗೆ ಬೆಕ್ಕೂ ಬರೋದಿಲ್ಲ ಮೇಡಂ!" ಅಂತ ಶೃಂಗೇರಿಯವರು ನಕ್ಕರು. ಆದರೂ ಇಬ್ಬರೂ ಒಪ್ಪಿದರು.

ಅರಿವಳಿಕೆ ಡಾಕ್ಟರು ನಗಲಿಲ್ಲ. "ಸುಮ್ಮನೆ ಕೂತು ಸಂಬಳ ಎಣಿಸೋ ಜಾಯಮಾನ ನನ್ನದಲ್ಲ. ಮಂಗಳವಾರ ಟೇಬಲ್ ಖಾಲಿ ಇದ್ದರೆ ನಾನು ಹೊರಟೆ."

ಮನೆಗೆ ಬಂದವನೇ ಅಮ್ಮನ ಎದುರು ಕೂತೆ. ಹರ್ನಿಯಾ ಆಪರೇಷನ್ನನ್ನು ಅವಳು ಹಬ್ಬದಿಂದ ಹಬ್ಬಕ್ಕೆ ಮುಂದೂಡುತ್ತಲೇ ಇದ್ದಳು.

"ಮಂಗಳವಾರವಾ? ತಲೆ ಕೆಟ್ಟಿದೆಯೇನೋ ಮಾರಾಯ?"

ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು. ತಂಗಿಯನ್ನು ಶೃಂಗೇರಿಗೆ ಕೊಟ್ಟಿತ್ತು. ಅವಳಿಗೆ ಆಗ ಐದು ತಿಂಗಳು.

"ಅವರು ಹೋದರೆ, ಹೆರಿಗೆ ಕಷ್ಟವಾದರೆ ಮಗಳನ್ನ ಶಿವಮೊಗ್ಗದವರೆಗೆ ಕುಲುಕಿಸಿಕೊಂಡು ಹೋಗಬೇಕಾ?"

"ಹೌದು."

"ಹಾಗಾದರೆ ಮಂಗಳವಾರ ನನ್ನನ್ನೇ ಮಲಗಿಸು."

ಮಲಗಿದಳು, ಎದ್ದಳು. ಮರುದಿನದಿಂದ ವಾರ್ಡಿನಲ್ಲಿ ಅವಳದೇ ಭಾಷಣ: "ಮಂಗಳವಾರ ಕೊಯ್ಸಿಕೊಂಡವಳು ಬುಧವಾರ ಗಂಜಿ ಉಣ್ತಾ ಇದ್ದೇನೆ, ನೋಡಿ!" ಮನೆಗೆ ಹೋದ ಮೇಲೆ ಬಸ್ಸಿನಲ್ಲೂ ಅದೇ. ಭಂಡಿಗಡಿಯಿಂದ ಒಬ್ಬರು ಬಂದರು, ಅವರ ಹಿಂದೆ ಅವರ ಅತ್ತಿಗೆ. ಆಮೇಲೆ ನಮ್ಮಲ್ಲಿ ಮಂಗಳವಾರಕ್ಕೆ ಮೊದಲೇ ಹೇಳಿಡದಿದ್ದರೆ ಜಾಗವೇ ಇಲ್ಲ ಅನ್ನುವಂತಾಯಿತು. ಬೆಕ್ಕಿನ ಮಾತಾಡಿದವರು ನಮಗೊಂದು ಡಬ್ಬಿ ಮೈಸೂರು ಪಾಕು ಕಳಿಸಿದರು.

ಅರಿವಳಿಕೆ ಡಾಕ್ಟರು ಕೊಪ್ಪದಲ್ಲೇ ಮನೆ ಹಿಡಿದರು. ಹಾಲು ಉಕ್ಕಿಸಲು ಅಮ್ಮನನ್ನೇ ಕರೆದರು. "ಅದಕ್ಕೆ ಮಾತ್ರ ಮಂಗಳವಾರ ಬೇಡ," ಅಂದಳು ಅಮ್ಮ.

ಬುಧವಾರ ಬೆಳಿಗ್ಗೆ ಹಾಲು ಉಕ್ಕುವಾಗಲೇ ಶೃಂಗೇರಿಯಿಂದ ಅವರಿಗೆ ಫೋನ್ ಬಂತು. ತಂಗಿಗೆ ಸಿಸೇರಿಯನ್ ಆಗಬೇಕಿತ್ತು. ಡಾಕ್ಟರು ನಿಂತಲ್ಲೇ ಹಾಲು ಕುಡಿದು ಕಾರು ಹತ್ತಿದರು. ಮಧ್ಯಾಹ್ನದ ಊಟಕ್ಕೆ ಮೊದಲು ಸುದ್ದಿ ಬಂತು: ಹೆಣ್ಣು ಮಗು, ಇಬ್ಬರೂ ಆರಾಮ.