ಒಂದು ದವಡೆಯ ಸಲುವಾಗಿ ಚಾಮರಾಜಪೇಟೆಗೆ

2025ರ ನವೆಂಬರ್ 9, ಭಾನುವಾರ. ಹೊರಡುವ ಮುನ್ನ ನೋಡಿದ ಆಧಾರ, ನನ್ನದೇ 1977ರ ದಿನಚರಿ: ‘ಸೆಪ್ಟೆಂಬರ್ 18. ಮಹಾಲಿಂಗಪ್ಪನೊಡನೆ ಜಗಳ. ಪಟದ ವಿಷಯ.’ ಅಂದು ಭಾನುವಾರವೇ ಎಂಬುದನ್ನು ಹಳೆಯ ಪಂಚಾಂಗದಲ್ಲಿ ತಾಳೆ ನೋಡಿಕೊಂಡೆ.

ಜಗಳದ ಮೂಲ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ, ಪಳೆಯುಳಿಕೆಯಾದ ಒಂದು ದವಡೆಯ ಚೂರು. ರಾಮಾಪಿಥೆಕಸ್ ಎಂಬ ಆ ಪ್ರಾಣಿಯನ್ನು ಮನುಷ್ಯನ ಪೂರ್ವಜನೆಂದು ಆಗ ಅನೇಕರು ನಂಬಿದ್ದರು. ಅದು ಒರಾಂಗುಟಾನಿನ ಬಳಗದ್ದೆಂದು ಮುಂದೆ ತಿಳಿಯಿತು. ನಮ್ಮ ಅಧ್ಯಯನ ಕೂಟವು ಶಾಲೆಗಳಿಗಾಗಿ ಬರೆಸಿದ ಪಟದಲ್ಲಿ ಆ ದವಡೆಯಿಂದ ಮನುಷ್ಯನವರೆಗೆ ನೇರ ಗೆರೆಯಿತ್ತು. ನಾನು ವಿರೋಧಿಸಿದೆ, ಗೆಳೆಯ ಮಹಾಲಿಂಗಪ್ಪ ಹಠ ಹಿಡಿದು ಗೆದ್ದ ಎಂದು ಆತ್ಮಕಥೆಯಲ್ಲಿ ಬರೆದಿದ್ದೇನೆ. ಅದು ಅಚ್ಚಿಗೆ ಹೋಗುವ ಮುನ್ನ ತಾರೀಖು ಖಚಿತವಾಗಬೇಕಿತ್ತು. ಕೂಟದ ನಡಾವಳಿ ಪುಸ್ತಕ ಇದ್ದದ್ದು ಅವನ ಮನೆಯಲ್ಲಿ. ಜಗಳದ ನಂತರ ನಾನು ಆ ಹೊಸ್ತಿಲು ತುಳಿದಿರಲಿಲ್ಲ.

ಮಲ್ಲೇಶ್ವರದಿಂದ ಸಂಪಿಗೆ ರಸ್ತೆಯ ನಿಲ್ದಾಣಕ್ಕೆ ನಡೆದು, ಮೆಟ್ರೊ ಹತ್ತಿ, ಮೂರನೆಯ ನಿಲ್ದಾಣವಾದ ಮಾರುಕಟ್ಟೆಯಲ್ಲಿ ಇಳಿದೆ. ಬಿಸಿಲು ಆಗಲೇ ಏರಿತ್ತು.

“ಚಾಮರಾಜಪೇಟೆಗೆ ಮೀಟರ್ ಹಾಕಪ್ಪ,” ಎಂದೆ ಆಟೊದವನಿಗೆ.

“ಇಷ್ಟ್ ಹತ್ರಕ್ಕೆ ಮೀಟರಾ ಸಾರ್? ನೂರು ಕೊಟ್ಬಿಡಿ.”

ನಡೆದೇ ಹೋದೆ. ತರಗುಪೇಟೆಯಲ್ಲಿ ಮಹಾಲಿಂಗಪ್ಪನ ತಂದೆಯ ಬೇಳೆ ಮಂಡಿಗೆ ಬೀಗ ಬಿದ್ದಿತ್ತು. ಅದರ ಅಟ್ಟದ ಮೇಲೆಯೇ ಭಾನುವಾರಗಳಂದು ನಮ್ಮ ಕೂಟ ಸೇರುತ್ತಿದ್ದದ್ದು. ನಿಲ್ಲದೆ ಮುಂದೆ ನಡೆದೆ.

ಮಹಾಲಿಂಗಪ್ಪ ತನ್ನ ಮನೆಯ ಜಗಲಿಯ ಕುರ್ಚಿಯಲ್ಲಿದ್ದ. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿಯೇ ಇತ್ತು.

“ಬಾರಯ್ಯ. ಒಂದು ಮಂಗನ ವಿಷಯಕ್ಕೆ ಮಾತು ಬಿಟ್ಟು ನಲವತ್ತೆಂಟು ವರ್ಷ ಆಯ್ತು.”

“ಮಂಗ ಅಲ್ಲ. ಅದಕ್ಕೆ ಬಾಲ ಇರ್ಲಿಲ್ಲ.”

“ನೋಡಿದ್ಯಾ ಗೌರಾ, ಬಂದ ತಕ್ಷಣ ತಿದ್ದೋಕೆ ಶುರು ಮಾಡ್ದ,” ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ.

ಗೌರಮ್ಮ ಅಕ್ಕಿರೊಟ್ಟಿಯ ತಟ್ಟೆ ತಂದಿಟ್ಟರು. ನಾನು ಪುಸ್ತಕ ಕೇಳಿದೆ.

“ಮೊದ್ಲು ತಿನ್ನು. ಓದಿದ್ಮೇಲೆ ನೀನು ತಿನ್ನಲ್ಲ.”

ತಟ್ಟೆ ಸರಿಸಿ, ಅವನು ತರಿಸಿಕೊಟ್ಟ ಪುಸ್ತಕ ತೆರೆದೆ. ಆ ದಿನದ ಪುಟವನ್ನು ಎರಡು ಸಲ ಓದಿ, ಚೀಟಿಯಲ್ಲಿ ನಕಲು ಮಾಡಿಕೊಂಡೆ.

“ಒಂದು ಕಾಗದ ಬರೀಬಹುದಿತ್ತಲ್ಲ,” ಎಂದೆ.

“ಸಹಿ ಹಾಕಿದೋನು ನೀನು. ನಿನಗೆ ನಾನೇನಂತ ಬರೀಲಿ?”

ರೊಟ್ಟಿ ಆರಿತ್ತು. ಮುಟ್ಟದೆ ಎದ್ದು ಹೊರಟೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಜಗಲಿಯ ಕುರ್ಚಿ ಖಾಲಿಯಾಗಿತ್ತು.

ದಾಖಲೆ ಹೀಗಿದೆ. ಪುಟ 41, 18-9-1977: ‘ನೇರ ಗೆರೆಯೇ ಇರಬೇಕೆಂದು ಕಾರ್ಯದರ್ಶಿಗಳು ಪಟ್ಟು ಹಿಡಿದರು. ಒಂದು ದವಡೆಯ ಚೂರು ಸಾಲದು, ಗೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇರಲಿ ಎಂಬ ಶ್ರೀ ಮಹಾಲಿಂಗಪ್ಪನವರ ಆಕ್ಷೇಪಣೆಯನ್ನು ತಳ್ಳಿಹಾಕಲಾಯಿತು.’ ಆ ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಅಕ್ಷರವೂ, ಕೆಳಗಿನ ಸಹಿಯೂ ನನ್ನದೇ. ತಾರೀಖೊಂದು ಮಾತ್ರ ತಾಳೆಯಾಯಿತು.