ಚಿಕ್ಕಮ್ಮ ಉಪವಾಸ ಕೆಡವಿದ ಚಳಿಗಾಲ

ನಮ್ಮ ಚಿಕ್ಕಮ್ಮನ ಮನೆಗೆ ಹೋದವರು ಹೊಟ್ಟೆ ತುಂಬಿದೆ ಎಂದು ಹೇಳಿ ತಪ್ಪಿಸಿಕೊಂಡ ದಾಖಲೆ ಇಲ್ಲ. ಅಂಚೆಯವನು ಬಾಗಿಲಲ್ಲಿ ನಿಂತು ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಅವನ ಕೈಗೊಂದು ತಟ್ಟೆ ಬಂದಿರುತ್ತದೆ. ಅವಳ ಪಾಲಿಗೆ ‘ಬೇಡ’ ಎಂದವನೂ ಬೇಡಿದವನೇ. ಇಂಥ ಹೆಂಗಸಿಗೆ ಒಂದಿಡೀ ಚಳಿಗಾಲ ಸಾವಿರಾರು ಜೀವಗಳನ್ನು ಉಪವಾಸ ಕೆಡವುವ ಕೆಲಸ ಕೊಟ್ಟರೆಂದರೆ, ವಿಜ್ಞಾನಕ್ಕೂ ಹಾಸ್ಯಪ್ರಜ್ಞೆ ಇದೆ ಎಂದು ಒಪ್ಪಬೇಕಾಗುತ್ತದೆ.

ಚಿಕ್ಕಪ್ಪನದು ಗಡಿಯಾರ ರಿಪೇರಿ ಅಂಗಡಿ. ಮದುವೆಯಾದ ಹೊಸದರಲ್ಲಿ ಅವರ ಪಕ್ಕ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಎತ್ತಿಡುವುದನ್ನು ಅವಳು ಕಲಿತಳು. ಕೈ ಅಲುಗದೆ ಕೆಲಸ ಮಾಡುವವರು ಬೇಕು ಎಂದು ಸಮುದ್ರ ಸಂಶೋಧನಾಲಯದವರು ಹುಡುಕುತ್ತಿದ್ದಾಗ ಚಿಕ್ಕಪ್ಪನೇ ಹೆಂಡತಿಯ ಹೆಸರು ಹೇಳಿದರು. ಅಂದಿನಿಂದ ಗಂಡನದೂ ಸೆಲ್ಲಿನ ವ್ಯಾಪಾರ, ಹೆಂಡತಿಯದೂ ಸೆಲ್ಲಿನ ಕೆಲಸ. ವ್ಯತ್ಯಾಸ ಇಷ್ಟೇ: ಅವರ ಸೆಲ್ಲು ಸತ್ತರೆ ಬೇರೆ ಹಾಕಬಹುದು, ಇವಳ ಸೆಲ್ಲು ಸತ್ತರೆ ಸತ್ತಿತು.

ಏಕೆಂದರೆ ಇವಳ ಸೆಲ್ಲಿಗೆ ಜೀವ ಇದೆ. ಧ್ರುವದ ಹತ್ತಿರ, ಮಂಜುಗಡ್ಡೆ ಹೊದ್ದ ಕಡಲಿನ ತಳದ ಕೆಸರಲ್ಲಿ ಗಸಗಸೆ ಕಾಳಿಗಿಂತ ಚಿಕ್ಕ ಜೀವಿಗಳಿವೆ. ಇಡೀ ದೇಹ ಒಂದೇ ಜೀವಕೋಶ. ಬಾಯಿಲ್ಲ, ಕಣ್ಣಿಲ್ಲ, ಕೈಕಾಲಿಲ್ಲ. ಆದರೂ ಪ್ರತಿಯೊಂದಕ್ಕೂ ಸ್ವಂತ ಮನೆ ಇದೆ. ಕೆಲವು ಸುಣ್ಣದ ಮನೆ ಕಟ್ಟುತ್ತವೆ, ಕೆಲವು ಮರಳಿನ ಕಣಗಳನ್ನು ಒಂದೊಂದಾಗಿ ಆರಿಸಿ ಅಂಟಿಸಿಕೊಳ್ಳುತ್ತವೆ. ಗೋಡೆಯ ತೂತುಗಳಿಂದ ಜೇಡರ ಬಲೆಗಿಂತ ತೆಳುವಾದ ಎಳೆಗಳನ್ನು ಹೊರಚಾಚಿ, ಸಿಕ್ಕಿದ್ದನ್ನು ಒಳಗೆಳೆದುಕೊಂಡು ತಿನ್ನುತ್ತವೆ. ಪುಸ್ತಕದಲ್ಲಿರುವ ಅವುಗಳ ಹೆಸರನ್ನು ಹೇಳಲು ಹೊರಟರೆ ನಾಲಿಗೆಗೆ ಗಂಟು ಬೀಳುತ್ತದೆ. ಚಿಕ್ಕಮ್ಮ ‘ತೂತುಮನೆಯವರು’ ಎಂದು ಕರೆದಳು. ಈಗ ಸಂಶೋಧನಾಲಯದ ನಿರ್ದೇಶಕರೂ ಹಾಗೇ ಕರೆಯುತ್ತಾರೆ.

ತೂತುಮನೆಯವರ ಮೇಲ್ವಿಚಾರಕಿ ಒಬ್ಬ ಎಳೆವಯಸ್ಸಿನ ವಿಜ್ಞಾನಿ. ಎಲ್ಲರ ಬಾಯಲ್ಲೂ ಅವಳು ಡಾಕ್ಟ್ರಮ್ಮ. ಕೆಮ್ಮಿಗೆ ಔಷಧಿ ಕೇಳಿದರೆ ಮಾತ್ರ ಕೋಪ. ಹಡಗಿನಲ್ಲಿ ಧ್ರುವದ ಕಡಲಿಗೆ ಹೋಗಿ, ವಾಂತಿ ಮಾಡಿಕೊಳ್ಳುತ್ತಲೇ, ಕೊಳವೆ ಇಳಿಸಿ ಆ ಕೆಸರನ್ನು ತಂದವಳು ಅವಳೇ. ಹಡಗು ಮತ್ತೆ ಅತ್ತ ಹೋಗುವ ಸೂಚನೆ ಇರಲಿಲ್ಲ. ಇದ್ದದ್ದು ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಜೋಡಿಸಿದ ಗಾಜಿನ ಬಟ್ಟಲುಗಳು, ಅಷ್ಟೇ.

ಆ ಕೋಣೆಯ ಚಳಿ ನೀರನ್ನು ಕಲ್ಲು ಮಾಡುವಂಥದ್ದು; ಉಪ್ಪಿನ ದಯೆಯಿಂದ ಮಾತ್ರ ಬಟ್ಟಲಿನ ಕಡಲು ನೀರಾಗಿ ಉಳಿದಿತ್ತು. ಹೊರಗೆ ಜನ ಫ್ಯಾನಿನ ಕೆಳಗೆ ಬೆವರುತ್ತಿದ್ದರೆ, ಚಿಕ್ಕಮ್ಮ ಎರಡು ಸ್ವೆಟರು, ಮಂಕಿ ಕ್ಯಾಪು, ಚಿಕ್ಕಪ್ಪನ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಟ್ಟಲಿನ ನೀರು ಬದಲಾಯಿಸುತ್ತಿದ್ದಳು.

ಒಂದು ದಿನ ಡಾಕ್ಟ್ರಮ್ಮ ಹೇಳಿದಳು: “ಅಮ್ಮಾ, ಇವತ್ತಿಂದ ಇವಕ್ಕೆ ಒಂದು ತೊಟ್ಟೂ ಪಾಚಿ ಹಾಕಬಾರದು. ದೀಪ ಆರಿಸ್ತೀನಿ. ಅವುಗಳ ಊರಲ್ಲಿ ಚಳಿಗಾಲ ಶುರು ಅಂದ್ಕೊಳ್ಳಿ.”

“ಎಲ್ಲಿವರೆಗೆ?”

“ಅಲ್ಲಿ ಬೆಳಕು ಬರೋವರೆಗೆ. ತಿಂಗಳುಗಟ್ಟಲೆ.”

“ಅಯ್ಯೋ! ಪಾಪದವನ್ನ ಉಪವಾಸ ಕೆಡವೋಕೆ ನಂಗೆ ಸಂಬಳವಾ?”

“ನಿಮಗಿಂತ ಕಲ್ಲು ಮನಸ್ಸಿನವರು ಬೇಕಾದಷ್ಟು ಸಿಗ್ತಾರೆ ಅಮ್ಮಾ. ನಿಮ್ಮಂಥ ಕೈ ಸಿಗಲ್ಲ.”

ಡಾಕ್ಟ್ರಮ್ಮ ಬಿಡಿಸಿ ಹೇಳಿದಳು. ಧ್ರುವದ ಕಡಲ ತಳದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಊಟವೆಲ್ಲ ಮೇಲಿಂದ ಬರಬೇಕು. ವಸಂತದಲ್ಲಿ ಮಂಜು ಕರಗಿ ಬಿಸಿಲು ನೀರಿಗಿಳಿದಾಗ ಮೇಲೆ ಪಾಚಿ ಹಬ್ಬುತ್ತದೆ. ಮೇಲಿನವರು ತಿಂದು ಮಿಕ್ಕಿದ್ದು ಹಿಂಜಿದ ಹಸಿರು ಹತ್ತಿಯಂತೆ ನಿಧಾನವಾಗಿ ತಳಕ್ಕೆ ಬಂದು ಬೀಳುತ್ತದೆ. ಮೇಲಿನವರ ಎಂಜಲಿಗೆ ಕೆಳಗಿನವರು ಕಾಯುವುದು ಎಲ್ಲ ಕಡೆ ಇದ್ದದ್ದೇ, ಆದರೆ ಇವು ಕಾಯುವುದು ಕಗ್ಗತ್ತಲಲ್ಲಿ. ಈಗೀಗ ಮಂಜು ಹೊತ್ತಲ್ಲದ ಹೊತ್ತಿಗೆ ಕರಗುತ್ತಿದೆ, ಊಟದ ಸಮಯ ಏರುಪೇರಾಗುತ್ತಿದೆ. ಇವು ಎಷ್ಟು ಕಾಲ ತಡೆದಾವು? ಇವನ್ನು ಹುಳ ತಿನ್ನುತ್ತದೆ, ಹುಳವನ್ನು ಮೀನು, ಮೀನನ್ನು ಸೀಲು ಎಂಬ ಕೊಬ್ಬಿದ ಕಡಲಪ್ರಾಣಿ. ಅಷ್ಟು ದಪ್ಪ ಸೀಲಿನ ಸಂಸಾರ ನಿಂತಿರುವುದು ಈ ಗಸಗಸೆಯ ತಾಳ್ಮೆಯ ಮೇಲೆ.

ಚಿಕ್ಕಮ್ಮನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದರೂ ಸಂಕಟ ಕಡಿಮೆಯಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೂತುಮನೆಯವರ ಎಳೆಗಳು ದಿನೇ ದಿನೇ ಗಿಡ್ಡವಾಗುತ್ತಿದ್ದವು. ಬಿಳಿ ಮರಳನ್ನೇ ಹುಡುಕಿ ಹುಡುಕಿ ಮನೆ ಕಟ್ಟಿದ್ದ ಒಬ್ಬನಿಗೆ ಅವಳು ‘ಮೇಸ್ತ್ರಿ’ ಎಂದು ಹೆಸರಿಟ್ಟಿದ್ದಳು. ಅವನ ಎಳೆಗಳು ಒಂದು ದಿನ ಪೂರ್ತಿ ಮಾಯವಾದವು. ಸುತ್ತ ಕೆಸರಿನ ಮುದ್ದೆ ಮೆತ್ತಿಕೊಂಡು ಕೂತುಬಿಟ್ಟ.

ಮನೆಯಲ್ಲಿ ಅವಳಿಗೂ ತುತ್ತು ಇಳಿಯಲಿಲ್ಲ. ಚಿಕ್ಕಪ್ಪ ಗೊಣಗಿದರು: “ಅವೂ ಉಪವಾಸ, ನೀನೂ ಉಪವಾಸ. ಇದರಲ್ಲಿ ನನ್ನ ತಪ್ಪೇನು? ಸಾರಿಗೆ ಉಪ್ಪೇ ಇಲ್ಲ ಕಣೇ!”

“ನಿಮಗೆ ಉಪ್ಪಿಂದು ಚಿಂತೆ. ಅಲ್ಲಿ ಮೇಸ್ತ್ರಿ ಸಾಯ್ತಿದಾನೆ.”

“ಯಾರ ಮನೆ ಮೇಸ್ತ್ರಿ?”

“ಅವನ ಮನೇದೇ.”

ಮನೆಯಲ್ಲೂ ಕೆಲ ದಿನ ಶೀತಲ ಸಮರ ನಡೆಯಿತು.

ಕೊನೆಗೆ ಅವಳು ಮಾಡಬಾರದ್ದನ್ನು ಮಾಡಿದಳು. ಮೇಸ್ತ್ರಿಯಿದ್ದ ಬಟ್ಟಲಿಗೆ, ಅದೊಂದಕ್ಕೆ ಮಾತ್ರ, ಒಂದು ತೊಟ್ಟು ಪಾಚಿ ನೀರು ಬಿಟ್ಟಳು. ಅನ್ನವಿಟ್ಟವಳಿಗೆ ಪಾಪ ಬರುವುದಿಲ್ಲ ಎಂದುಕೊಂಡು ಮನೆಗೆ ಹೋಗಿ ಚೆನ್ನಾಗಿ ಉಂಡಳು.

ಆ ವಾರದಲ್ಲೇ ಬಟ್ಟಲಿನ ನೀರು ಮಬ್ಬಾಯಿತು. ತಳದಲ್ಲಿ ಬಿಳಿ ಲೋಳೆ ಕಟ್ಟಿತು. ಅವಳು ಕುಂಚದ ತುದಿಯಲ್ಲಿ ಮೆತ್ತಿದ ಕೆಸರು ಬಿಡಿಸಿ, ಮೇಸ್ತ್ರಿಯನ್ನು ಹೊರಳಿಸಿ ನೋಡಿದಳು. ಗೋಡೆಯೊಳಗೆ ಜೇನಿನ ಬಣ್ಣದ ಜೀವ ಇರುತ್ತಿತ್ತು, ಈಗ ಖಾಲಿ. ಅಕ್ಕಪಕ್ಕದವರ ಮನೆಗಳೂ ಖಾಲಿ.

ಅವಳು ನೇರವಾಗಿ ಡಾಕ್ಟ್ರಮ್ಮನ ಕೋಣೆಗೆ ಹೋಗಿ, ತಣ್ಣನೆ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದಳು. ಮಂಕಿ ಕ್ಯಾಪನ್ನೂ ತೆಗೆದಿರಲಿಲ್ಲ.

ಡಾಕ್ಟ್ರಮ್ಮ ಎದ್ದು ಹೋಗಿ ಬಟ್ಟಲನ್ನು ನೋಡಿ ಬಂದಳು. ಆಮೇಲೆ, “ಅವು ಸಾಯ್ತಿರ್ಲಿಲ್ಲ ಅಮ್ಮಾ. ಬಾಗಿಲು ಹಾಕ್ಕೊಂಡು ಮಲಗಿದ್ವು,” ಎಂದಳು. “ಮಲಗಿರೋವ್ರು ಉಣ್ತಾರಾ? ನೀವು ಹಾಕಿದ್ದು ಅಲ್ಲೇ ಕೊಳೀತು. ಕೊಳೆತದ್ದು ನೀರಲ್ಲಿದ್ದ ಉಸಿರನ್ನೆಲ್ಲ ಕುಡೀತು.”

“ಅಂದ್ರೆ ಕೊಂದೋಳು ನಾನೇ.”

“ಹೌದು.”

ಆ ‘ಹೌದು’ ಚಿಕ್ಕಮ್ಮನಿಗೆ ಇಷ್ಟವಾಯಿತು. ಪರವಾಗಿಲ್ಲ, ಹೋಗಲಿ ಬಿಡಿ ಎಂದಿದ್ದರೆ ಮತ್ತೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

“ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ,” ಎಂದಳು.

“ಬೇರೆಯವರು ಬಂದು ಹೇಳ್ತಿರ್ಲಿಲ್ಲ. ಬಟ್ಟಲು ತೊಳೆದಿಟ್ಟು ಸುಮ್ನಿರ್ತಿದ್ರು.” ಡಾಕ್ಟ್ರಮ್ಮ ಬೀಗದ ಕೈಯನ್ನು ಇವಳತ್ತ ತಳ್ಳಿದಳು. “ಹಾಕಬೇಕು ಅನ್ನಿಸಿದಾಗೆಲ್ಲ ನಂಗೆ ಫೋನ್ ಮಾಡಿ. ಬೈತೀನಿ.”

ಅವಳು ಫೋನು ಮಾಡಿದಳು, ಡಾಕ್ಟ್ರಮ್ಮ ಬೈದಳು. ಈ ಏರ್ಪಾಡು ಎಷ್ಟು ಒಗ್ಗಿಹೋಯಿತೆಂದರೆ, ಫೋನು ಬಾರದ ದಿನ ಡಾಕ್ಟ್ರಮ್ಮನೇ ಮಾಡಿ, “ಏನಮ್ಮಾ, ಇವತ್ತು ಕರುಣೆ ಬರ್ಲಿಲ್ವಾ?” ಎಂದು ಕೇಳುತ್ತಿದ್ದಳು. ಬರುತ್ತಿತ್ತು. ಆದರೆ ಚಿಕ್ಕಮ್ಮ ಕೈಗಳನ್ನು ಸ್ವೆಟರಿನೊಳಗೆ ತುರುಕಿಕೊಂಡು, ಮಬ್ಬು ದೀಪದಲ್ಲಿ ಬಟ್ಟಲು ಬಟ್ಟಲನ್ನೂ ನೋಡಿ, ನೀರಷ್ಟೇ ಬದಲಾಯಿಸಿ ಹೊರಬರುತ್ತಿದ್ದಳು. ಉಳಿದವರು ಬದುಕಿದ್ದಾರೋ ಸತ್ತಿದ್ದಾರೋ ಖಾತ್ರಿ ಇರಲಿಲ್ಲ. ಮೆತ್ತಿಕೊಂಡ ಕೆಸರು ಒಳಗಿನದನ್ನು ತೋರಿಸುತ್ತಿರಲಿಲ್ಲ. ಕೆದಕಿ ನೋಡುವಂತೆಯೂ ಇರಲಿಲ್ಲ.

ಕೊನೆಗೆ ಡಾಕ್ಟ್ರಮ್ಮ ವಸಂತವನ್ನು ಘೋಷಿಸಿದಳು. ನಾನೂ ಹೋಗಿದ್ದೆ. ನನಗೆ ಸಿಕ್ಕಿದ ಸ್ವೆಟರಿಗೆ ಒಂದು ತೋಳು ಉದ್ದ, ಇನ್ನೊಂದು ಇನ್ನೂ ಉದ್ದ. ದೀಪ ಹತ್ತಿತು. ಚಿಕ್ಕಮ್ಮ ಒಂದೊಂದು ಬಟ್ಟಲಿಗೂ ಒಂದೊಂದು ತೊಟ್ಟು ಪಾಚಿ ಬಿಟ್ಟಳು. ಹಸಿರು ಮೆಲ್ಲಗೆ ತಳಕ್ಕಿಳಿಯಿತು.

ಏನೂ ಆಗಲಿಲ್ಲ. ಮರುದಿನ ನಾನು ಮತ್ತೆ ಹೋದೆ. ಮುದ್ದೆಗಳು ಮುದ್ದೆಗಳಾಗಿಯೇ ಇದ್ದವು. ಡಾಕ್ಟ್ರಮ್ಮ ಉಗುರು ಕಚ್ಚುತ್ತಿದ್ದಳು. “ಸಾಕಾಗ್ಲಿಲ್ವೇನೋ. ಇನ್ನೊಂದು ತೊಟ್ಟು ಹಾಕೋಣ್ವಾ ಅಮ್ಮಾ?”

“ಈಗ ನಾನು ಬೈಲಾ?” ಎಂದಳು ಚಿಕ್ಕಮ್ಮ.

ಡಾಕ್ಟ್ರಮ್ಮ ನಗಲು ಹೋದಳು, ಕಣ್ಣಲ್ಲಿ ನೀರು ಬಂತು. ಅವಳು ವಾಂತಿ ಮಾಡುತ್ತ ತಂದ ಕೆಸರು ಅದು. ಚಿಕ್ಕಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಟ್ಟಲು ಬದಲಾಯಿಸಿದಳು, ನೋಡಿದಳು, ಮತ್ತೆ ಬದಲಾಯಿಸಿದಳು. ನನ್ನ ಕಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾಗಿತ್ತು.

ಒಮ್ಮೆಲೆ ಅವಳ ಬೆನ್ನು ನೆಟ್ಟಗಾಯಿತು. “ಉಸಿರು ಬಿಗಿ ಹಿಡ್ಕೊಳೋ,” ಎಂದಳು ನನಗೆ. “ಮೇಜು ಅಲುಗಿಸ್ಬೇಡ. ಬಂದು ನೋಡು.”

ನೋಡಿದೆ. ಕೆಸರಿನ ಮುದ್ದೆಯಲ್ಲೊಂದು ಬಿರುಕು. ಬಿರುಕಿನಿಂದ ಒಂದು ಎಳೆ ಹೊರಗೆ ಬಂದಿತ್ತು, ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ. ತಡವರಿಸಿತು, ನಿಂತಿತು, ಮುಂದೆ ಸರಿಯಿತು. ಅದರ ಪಕ್ಕ ಇನ್ನೊಂದು. ನಾನು ನೋಡುತ್ತಿದ್ದಂತೆಯೇ ಎಳೆ ಹಸಿರು ಚುಕ್ಕೆಯೊಂದನ್ನು ಮುಟ್ಟಿತು. ಚುಕ್ಕೆ ಮೆಲ್ಲಗೆ ಮನೆಯತ್ತ ಹೊರಟಿತು.

ಡಾಕ್ಟ್ರಮ್ಮ ನನ್ನನ್ನು ಪಕ್ಕಕ್ಕೆ ನೂಕಿಯೇ ನೋಡಿದಳು. ಮುಂದಿನ ಬಟ್ಟಲಲ್ಲೂ ಎಳೆಗಳು, ಅದರ ಮುಂದಿನದರಲ್ಲೂ. ಎದ್ದಿರದವೂ ಇದ್ದವು, ಆದರೆ ಎದ್ದವೇ ಹೆಚ್ಚು.

ಚಿಕ್ಕಮ್ಮ ಕನ್ನಡಕದ ಮಬ್ಬು ಒರೆಸುತ್ತ ನಿಂತಿದ್ದಳು. ಮಕ್ಕಳು ಪಾಸಾದಾಗಲೂ ಅವಳ ಮುಖದಲ್ಲಿ ಅಂಥ ಗತ್ತನ್ನು ನಾನು ಕಂಡಿರಲಿಲ್ಲ.

“ಪಾಪದವು, ಪಾಪದವು ಅಂತಿದ್ದೆ ನಾನು,” ಎಂದಳು. “ಪಾಪದವಂತೆ! ನೋಡು ಅವುಗಳ ಜಂಬ. ತಿಂಗಳುಗಟ್ಟಲೆ ಕತ್ತಲಲ್ಲಿ ಕೂತು, ಒಬ್ಬರ ಹತ್ತಿರ ಒಂದು ತುತ್ತು ಕೇಳಲಿಲ್ಲ.”

ಆಮೇಲೆ ಡಾಕ್ಟ್ರಮ್ಮನ ಕಡೆ ತಿರುಗಿದಳು. “ಮುಂದಿನ ಸಲ ಚಳಿಗಾಲ ಇನ್ನೊಂದು ತಿಂಗಳು ಜಾಸ್ತಿ ಇಡೋಣ. ತಡೀತಾರೆ ಇವ್ರು.”

“ನೀವು ತಡೀತೀರಾ?” ಎಂದಳು ಡಾಕ್ಟ್ರಮ್ಮ.

ಚಿಕ್ಕಮ್ಮ ಆಗಲೇ ಪಾಚಿ ನೀರು ಖಾಲಿಯಾದ ಬಟ್ಟಲುಗಳನ್ನು ತೊಳೆಯಲು ಎತ್ತಿಕೊಳ್ಳುತ್ತಿದ್ದಳು.